ಗಂಧದ ಕೋಠಿಯಿಂದ ಬಟ್ಟಿಮನೆಗೆ: ಸಂಶೋಧನೆಯು ಉದ್ಯಮವಾದ ಒಂದು ಪ್ರಸಂಗ

ಹಾಸನ ಪಟ್ಟಣದಲ್ಲಿ ‘ಗಂಧದ ಕೋಠಿ’ ಎಂದರೆ ಇಂದಿನವರಿಗೆ ನೆನಪಾಗುವುದು ಸರ್ಕಾರಿ ಕಾಲೇಜಿನ ಆವರಣ. ಅಲ್ಲಿಗೆ ದಿನವೂ ಬಂದುಹೋಗುವ ವಿದ್ಯಾರ್ಥಿನಿಯರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿನ್ನೆಲೆ ತಿಳಿದಿದೆಯೋ ಹೇಳುವುದು ಕಷ್ಟ. ಮೈಸೂರು ಸಂಸ್ಥಾನದ ಕಾಲದಲ್ಲಿ ಸುತ್ತಣ ತಾಲ್ಲೂಕುಗಳ ಶ್ರೀಗಂಧವನ್ನು ತಂದು, ಹೊರಮರವನ್ನು ಕೆತ್ತಿ ತೆಗೆದು, ತರಗತಿವಾರು ವಿಂಗಡಿಸಿ, ತೂಗಿ, ಹರಾಜಿಗಾಗಿ ಕೂಡಿಡುತ್ತಿದ್ದ ಸರ್ಕಾರದ ಉಗ್ರಾಣವೇ ಕೋಠಿ. ಶಿವಮೊಗ್ಗ, ಚಿಕ್ಕಮಗಳೂರು, ಹುಣಸೂರು ಮೊದಲಾದೆಡೆಗಳಲ್ಲಿಯೂ ಇಂತಹ ಕೋಠಿಗಳಿದ್ದವು. ಉಗ್ರಾಣವಿದ್ದ ಜಾಗದಲ್ಲಿ ವಿದ್ಯಾಲಯ ಬಂದಿರುವುದು ಕಾಕತಾಳೀಯವಾದರೂ, ಆ ಮರಕ್ಕೂ ವಿದ್ಯೆಗೂ ಕಳೆದ ಶತಮಾನದ ಆರಂಭದಲ್ಲಿ ಏರ್ಪಟ್ಟ ಸಂಬಂಧವು ಕಾಕತಾಳೀಯವಲ್ಲ. ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿ ನಡೆದ ರಸಾಯನಶಾಸ್ತ್ರದ ಕೆಲಸವು ಎರಡು ವರ್ಷಗಳೊಳಗಾಗಿ ಲಾಭ ತರುವ ಕಾರ್ಖಾನೆಯಾಗಿ ಮಾರ್ಪಟ್ಟದ್ದು ಈ ಮರದ ನಿಮಿತ್ತದಿಂದ.

ವಿಶ್ವವಿದ್ಯಾನಿಲಯದ ಸಂಶೋಧನೆಯನ್ನು ‘ನವೋದ್ಯಮ’ವನ್ನಾಗಿ ಪರಿವರ್ತಿಸುವ ಬಗೆ ಹೇಗೆಂಬ ಚರ್ಚೆಯು ಈಗ ಸರ್ಕಾರದ ನೀತಿಪತ್ರಗಳಲ್ಲಿಯೂ ವಿದ್ಯಾಸಂಸ್ಥೆಗಳಲ್ಲಿಯೂ ಧಾರಾಳವಾಗಿ ನಡೆಯುತ್ತಿದೆ. ಕರ್ನಾಟಕ ಸರ್ಕಾರವು 2015ರಲ್ಲಿ ಇದಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಮರುವರ್ಷ ಕೇಂದ್ರ ಸರ್ಕಾರವೂ ‘ಸ್ಟಾರ್ಟಪ್ ಇಂಡಿಯಾ’ ಯೋಜನೆಯನ್ನು ಆರಂಭಿಸಿತು. ಈ ಚರ್ಚೆಗಳಲ್ಲಿ ಉದಾಹರಣೆಗಳೆಲ್ಲ ಹೆಚ್ಚಾಗಿ ಅಮೆರಿಕದವು. ನಮ್ಮ ನೆಲದಲ್ಲಿಯೇ ನೂರು ವರ್ಷಗಳ ಹಿಂದೆ ನಡೆದ ಒಂದು ಪ್ರಯೋಗವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪರಿಶೀಲನೆಯನ್ನು ಬೆಂಗಳೂರಿನಿಂದ ಆರಂಭಿಸದೆ ಹಾಸನದ ಕೋಠಿಯಿಂದ ಆರಂಭಿಸಿರುವುದಕ್ಕೆ ಕಾರಣವಿದೆ. ಎಣ್ಣೆಯ ಕಾರ್ಖಾನೆಯ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ದಿವಾನರನ್ನೂ ವಿಜ್ಞಾನಿಗಳನ್ನೂ ಸ್ಮರಿಸಿದ್ದಾರೆ. ಮರ ಬೆಳೆದ ಹೊಲದ ಕಡೆಗೆ ನೋಡಿದವರು ಕಡಿಮೆ.

ಮರ ಮತ್ತು ಕೋಠಿ

ಶ್ರೀಗಂಧವು ದಟ್ಟ ಮಳೆಕಾಡಿನ ಮರವಲ್ಲ. ಹಾಸನ ಜಿಲ್ಲೆಯಲ್ಲಿಯೂ ಸಕಲೇಶಪುರದ ಘಟ್ಟದ ಕಾಡಿಗಿಂತ ಅರಕಲಗೂಡು, ಹೊಳೆನರಸೀಪುರ, ಹಾಸನ ತಾಲ್ಲೂಕುಗಳ ಕುರುಚಲು ಕಾಡು, ಗೋಮಾಳ, ಹೊಲದ ಬದು ಮತ್ತು ಬೇಲಿಗಳು ಅದಕ್ಕೆ ಹೆಚ್ಚು ಹಿತವಾದವು. ಇದು ಅರೆಪರಾವಲಂಬಿ ಸಸ್ಯ; ತನ್ನ ಬೇರುಗಳನ್ನು ನೆರೆಯ ಗಿಡಮರಗಳ ಬೇರುಗಳಿಗೆ ಅಂಟಿಸಿಕೊಂಡು ಅವುಗಳಿಂದ ಆಹಾರವನ್ನು ಪಡೆಯುತ್ತದೆ. ಆದ್ದರಿಂದಲೇ ಒಂಟಿಯಾಗಿ ನೆಟ್ಟರೆ ಏಳಿಗೆಯಾಗುವುದಿಲ್ಲ, ಬೇಲಿಯ ಪೊದೆಯಲ್ಲಿ ತಾನಾಗಿ ಹುಟ್ಟಿದರೆ ಸೊಗಸಾಗಿ ಬೆಳೆಯುತ್ತದೆ. ಸುವಾಸನೆಯಿರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ ಮಾತ್ರ. ಚೇಗು ಕಟ್ಟಲು ಹತ್ತು ಹನ್ನೆರಡು ವರ್ಷಗಳಾದರೂ ಬೇಕು. ಚೆನ್ನಾಗಿ ಬಲಿಯಲು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಬೇರಿನಲ್ಲಿ ಎಣ್ಣೆಯ ಅಂಶ ಅಧಿಕವಾದ್ದರಿಂದ ಈ ಮರವನ್ನು ಕಡಿಯುವುದಿಲ್ಲ, ಬುಡಸಹಿತ ಅಗೆದು ಕೀಳುತ್ತಾರೆ.

ಟಿಪ್ಪೂ ಸುಲ್ತಾನನು 1792ರಲ್ಲಿ ಇದನ್ನು ರಾಜವೃಕ್ಷವೆಂದು ಘೋಷಿಸಿದನೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆತನ ನಂತರ ಬಂದ ಒಡೆಯರ ಆಳ್ವಿಕೆಯೂ ಕಮಿಷನರರ ಆಡಳಿತವೂ ಈ ಏಕಸ್ವಾಮ್ಯವನ್ನು ಬಿಟ್ಟುಕೊಡಲಿಲ್ಲ. ರೈತನ ಸ್ವಂತ ಹಿಡುವಳಿಯಲ್ಲಿ ಹುಟ್ಟಿದ ಗಂಧದ ಮರವೂ ಸರ್ಕಾರದ ಸ್ವತ್ತಾಗಿತ್ತು. ಈ ಒಂದು ಸಂಗತಿಯನ್ನು ವಾಚಕರು ಗಮನದಲ್ಲಿಡಬೇಕು. ಮುಂದಿನ ಕಥೆಯ ಗೆಲುವಿಗೂ ಸೋಲಿಗೂ ಇದೇ ಮೂಲ.

ಕೋಠಿಯಲ್ಲಿ ಮರವನ್ನು ವಿಂಗಡಿಸುತ್ತಿದ್ದ ಕ್ರಮವು ಸ್ವಾರಸ್ಯಕರವಾಗಿದೆ. ತುಂಡು, ಬೇರು, ಚಕ್ಕೆ, ಹೊಟ್ಟು ಎಲ್ಲವೂ ಸೇರಿ ಹದಿನೆಂಟರಷ್ಟು ತರಗತಿಗಳಿದ್ದವು. ವಿಲಾಯತಿ ಬುದ್, ಚೀನಾ ಬುದ್, ಪಂಜಂ, ಘೋಟ್ಲಾ ಎಂಬವು ತುಂಡುಗಳ ಹೆಸರುಗಳು. ಚಿಲ್ತಾ ಎಂಬುದು ಚಕ್ಕೆ. ಬಾಸೋಲಾ ಬುಕ್ನಿ ಎಂಬುದು ಬಾಚಿಯಿಂದ ಕೆತ್ತಿದಾಗ ಉದುರಿದ ಸಣ್ಣ ಪುಡಿಚಕ್ಕೆ. ಈ ಹೆಸರುಗಳಲ್ಲಿ ಕನ್ನಡದ ಸೋಂಕೇ ಇಲ್ಲದಿರುವುದನ್ನು ಗಮನಿಸಬೇಕು. ವಿಲಾಯತಿ, ಚೀನಾ ಎಂಬ ಹೆಸರುಗಳು ಸರಕು ಹೋಗುತ್ತಿದ್ದ ದಿಕ್ಕನ್ನೇ ಸೂಚಿಸುತ್ತವೆ. ಅಂದರೆ ಹಾಸನದ ಕೋಠಿಯ ಗುಮಾಸ್ತನಿಗೆ ಯಾವ ತುಂಡು ಯಾವ ದೇಶದ ಕೊಳ್ಳುವವನಿಗೆ ಎಂಬ ಅರಿವು ಪರಂಪರೆಯಿಂದ ಬಂದಿತ್ತು. ಸಂಸ್ಥಾನಕ್ಕೆ ಮರದ ಬಗ್ಗೆ ಇದ್ದ ಜ್ಞಾನ ಇಷ್ಟು ಸೂಕ್ಷ್ಮವಾಗಿದ್ದರೂ ಅದರೊಳಗಿನ ಎಣ್ಣೆಯ ಬಗ್ಗೆ ಇದ್ದ ಜ್ಞಾನ ಅತ್ಯಲ್ಪ. ಎಣ್ಣೆ ತೆಗೆಯುವ ದೇಶೀಯ ವಿಧಾನಗಳು ಇರಲಿಲ್ಲವೆಂದಲ್ಲ. ಉತ್ತರದ ಕನೌಜಿನಲ್ಲಿ ಅತ್ತರು ತಯಾರಿಸುವವರೂ, ದಕ್ಷಿಣ ಕನ್ನಡದ ಕೆಲವೆಡೆಯ ಕಸುಬುದಾರರೂ ಹಂಡೆಗಳಲ್ಲಿ ನೀರಿನೊಡನೆ ಕುದಿಸಿ ಬಟ್ಟಿ ಇಳಿಸುತ್ತಿದ್ದರು. ಆದರೆ ಯುರೋಪಿನ ಔಷಧಿ ವ್ಯಾಪಾರಿಗಳು ಬಯಸುತ್ತಿದ್ದ ಏಕರೂಪದ ಎಣ್ಣೆ ಆ ಹಂಡೆಗಳಿಂದ ಬರುವಂತಿರಲಿಲ್ಲ.

ಮೊದಲ ಮಹಾಯುದ್ಧಕ್ಕೆ ಮುನ್ನ ಮೈಸೂರಿನ ಗಂಧವನ್ನು ಹರಾಜಿನಲ್ಲಿ ಕೊಳ್ಳುತ್ತಿದ್ದವರಲ್ಲಿ ಜರ್ಮನಿಯ ವ್ಯಾಪಾರಸಂಸ್ಥೆಗಳೇ ಪ್ರಮುಖವಾಗಿದ್ದವು. ಮರ ಇಲ್ಲಿಂದ ಹಡಗಿನಲ್ಲಿ ಹೋಗಿ, ಅಲ್ಲಿಯ ಬಟ್ಟಿಮನೆಗಳಲ್ಲಿ ಎಣ್ಣೆಯಾಗಿ, ಪರಿಮಳ ದ್ರವ್ಯಗಳಿಗೂ ಮೇಹರೋಗದ ಔಷಧಿಗೂ ಬಳಕೆಯಾಗುತ್ತಿತ್ತು. ಸಂಸ್ಥಾನಕ್ಕೆ ಬರುತ್ತಿದ್ದುದು ಮರದ ಬೆಲೆ ಮಾತ್ರ.

ಚಾಟರ್ಟನ್ನರು ಮೈಸೂರಿಗೆ ಬಂದದ್ದು

1914ರ ಆಗಸ್ಟಿನಲ್ಲಿ ಯುದ್ಧ ಆರಂಭವಾದೊಡನೆ ಜರ್ಮನಿಯ ಮಾರುಕಟ್ಟೆ ಮುಚ್ಚಿಹೋಯಿತು. ಕೋಠಿಗಳಲ್ಲಿ ಮರ ಉಳಿಯಿತು. ಇದನ್ನೇ ಎಣ್ಣೆಯ ಕಾರ್ಖಾನೆಯ ಕಾರಣವೆಂದು ಹೆಚ್ಚಿನ ಬರೆಹಗಳು ಹೇಳುತ್ತವೆ. ಯುದ್ಧವು ನಿಮಿತ್ತವಾಯಿತೆಂಬುದು ದಿಟ. ಆದರೆ ನೆರೆಯ ಕೊಡಗಿನಲ್ಲಿಯೂ ಗಂಧವಿತ್ತು, ಮದರಾಸು ಪ್ರಾಂತದಲ್ಲಿಯೂ ಇತ್ತು. ಕಾರ್ಖಾನೆ ಎದ್ದದ್ದು ಮೈಸೂರು ಸಂಸ್ಥಾನದಲ್ಲಿ. ಇದಕ್ಕೆ ಉತ್ತರವನ್ನು ಯುದ್ಧಕ್ಕಿಂತ ನಾಲ್ಕು ವರ್ಷ ಹಿಂದಿನ ಒಂದು ಸರ್ಕಾರಿ ಪತ್ರದಲ್ಲಿ ಹುಡುಕಬೇಕಾಗುತ್ತದೆ.

ಆಲ್‌ಫ್ರೆಡ್ ಚಾಟರ್ಟನ್ನರು ಮದರಾಸಿನಲ್ಲಿ ಎಂಜಿನಿಯರಿಂಗ್ ಅಧ್ಯಾಪಕರಾಗಿದ್ದವರು. ಅಲ್ಲಿಯ ಕಲಾಶಾಲೆಯಲ್ಲಿ 1898ರಿಂದ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಪ್ರಯೋಗವಾಗಿ ನಡೆಸಿ, ಅದು ಲಾಭದಾಯಕವೆಂದು ಕಂಡುಬಂದ ಮೇಲೆ ಖಾಸಗಿಯವರಿಗೆ ಒಪ್ಪಿಸಿದರು. 1900ರಲ್ಲಿ ಇಂಡಿಯನ್ ಅಲ್ಯೂಮಿನಿಯಂ ಕಂಪನಿ ಹೀಗೆ ಹುಟ್ಟಿತು. ಕ್ರೋಮಿಯಂ ಲವಣದಿಂದ ತೊಗಲು ಹದಮಾಡುವ ವಿಧಾನವನ್ನೂ ಅವರು ಇದೇ ರೀತಿ ಬಳಕೆಗೆ ತಂದರು. ವಿದ್ಯಾಸಂಸ್ಥೆಯಲ್ಲಿ ಪ್ರಯೋಗ, ಸರ್ಕಾರದ ಹಣದಲ್ಲಿ ಮಾದರಿ ಕಾರ್ಖಾನೆ, ಅನಂತರ ಕಂಪನಿಗೆ ಹಸ್ತಾಂತರ ಎಂಬ ಈ ಕ್ರಮವನ್ನು ಇಂದು ನಾವು ಹೊಸದೆಂದು ಭಾವಿಸುತ್ತೇವೆ. ಆದರೆ ಸರ್ಕಾರವು ತಮ್ಮ ವ್ಯಾಪಾರದಲ್ಲಿ ಕೈಹಾಕುತ್ತಿದೆಯೆಂದು ಮದರಾಸಿನ ಯುರೋಪಿಯನ್ ವರ್ತಕರು ಆಕ್ಷೇಪಿಸಿದರು. ಭಾರತ ಸಚಿವ ಲಾರ್ಡ್ ಮಾರ್ಲೆ 1910ರಲ್ಲಿ, ಸರ್ಕಾರ ತಾನೇ ಕಾರ್ಖಾನೆಗಳನ್ನು ನಡೆಸಿ ತೋರಿಸುವ ಈ ನೀತಿಯನ್ನು ತಿರಸ್ಕರಿಸಿದನು. ಸರ್ಕಾರ ಕೈಗಾರಿಕಾ ಶಿಕ್ಷಣಕ್ಕೆ ಮಾತ್ರ ಸೀಮಿತವಾಗಬೇಕೆಂಬುದು ಅವನ ಆದೇಶದ ತಾತ್ಪರ್ಯ. ಚಾಟರ್ಟನ್ನರ ಕೈ ಕಟ್ಟಿದಂತಾಯಿತು.

ಬ್ರಿಟಿಷ್ ಪ್ರಾಂತಗಳಿಗೆ ಅನ್ವಯಿಸಿದ ಈ ನಿಷೇಧ ದೇಶೀಯ ಸಂಸ್ಥಾನಕ್ಕೆ ಅನ್ವಯಿಸುತ್ತಿರಲಿಲ್ಲ. 1912ರಲ್ಲಿ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಸರ್ಕಾರವು ಚಾಟರ್ಟನ್ನರನ್ನು ಬರಮಾಡಿಕೊಂಡಿತು. 1913ರಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆ ಸ್ಥಾಪನೆಯಾಗಿ ಅವರು ಅದರ ನಿರ್ದೇಶಕರಾದರು. ಮದರಾಸಿನಲ್ಲಿ ಮಾಡಲಾಗದ ಕೆಲಸವನ್ನು ಅವರು ಮೈಸೂರಿನಲ್ಲಿ ಮಾಡಲು ಸಾಧ್ಯವಾದದ್ದು ಹೀಗೆ. ಸಂಶೋಧನೆಯು ಉದ್ಯಮವಾಗುವುದಕ್ಕೆ ಜಾಣ್ಮೆಗಿಂತ ಮೊದಲು ಅನುಮತಿ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಂಡಿಲ್ಲ.

ಪ್ರಯೋಗಶಾಲೆಯಲ್ಲಿ ಆದದ್ದೇನು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1909ರಲ್ಲಿ ಸ್ಥಾಪಿತವಾಗಿ 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಜಮ್‌ಶೆಟ್‌ಜಿ ಟಾಟಾ ಅವರ ದತ್ತಿಯೊಡನೆ ಮೈಸೂರು ಮಹಾರಾಜರ ಸರ್ಕಾರ ನೀಡಿದ ಸುಮಾರು 371 ಎಕರೆ ಭೂಮಿ ಹಾಗೂ ವಾರ್ಷಿಕ ಅನುದಾನ ಈ ಸಂಸ್ಥೆಗೆ ಆಧಾರವಾಗಿದ್ದವು. ಆರಂಭದ ವಿಭಾಗಗಳಲ್ಲಿ ರಸಾಯನಶಾಸ್ತ್ರಕ್ಕೇ ಪ್ರಾಧಾನ್ಯ. ಸಾವಯವ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದ ಜೆ.ಜೆ. ಸಡ್‌ಬರೋ ಹಾಗೂ ಅವರ ಸಹೋದ್ಯೋಗಿ ಎಚ್.ಇ. ವಾಟ್ಸನ್ ಈ ದೇಶದ ಸುಗಂಧ ತೈಲಗಳ ಅಧ್ಯಯನದಲ್ಲಿ ತೊಡಗಿದ್ದರು. ಚಾಟರ್ಟನ್ನರ ಕೋರಿಕೆಯ ಮೇಲೆ ಗಂಧದೆಣ್ಣೆಯ ಪ್ರಯೋಗಗಳು ಈ ವಿಭಾಗಗಳಲ್ಲಿ ನಡೆದವು.

ಇಲ್ಲಿ ಆದ ಸಂಶೋಧನೆಯ ಸ್ವರೂಪವನ್ನು ಸರಿಯಾಗಿ ತಿಳಿಯಬೇಕು. ಆವಿಯಿಂದ ಎಣ್ಣೆಯನ್ನು ಬಟ್ಟಿ ಇಳಿಸಬಹುದೆಂಬುದು ಹೊಸ ಶೋಧವೇನೂ ಆಗಿರಲಿಲ್ಲ. ಜರ್ಮನರು ಅದನ್ನೇ ಮಾಡುತ್ತಿದ್ದರು. ಆದರೆ ಮಾಡುವ ಬಗೆ ಅವರ ಕಾರ್ಖಾನೆಗಳ ಒಳಗೇ ಇತ್ತು. ಗಂಧದ ಚೇಗು ಬಹಳ ಗಟ್ಟಿ. ಅದನ್ನು ಎಷ್ಟು ನುಣುಪಾಗಿ ಪುಡಿಮಾಡಬೇಕು? ನುಣುಪು ಅತಿಯಾದರೆ ಪುಡಿ ಮುದ್ದೆಗಟ್ಟಿ ಆವಿ ಹಾಯುವುದಿಲ್ಲ, ದಪ್ಪವಾದರೆ ಎಣ್ಣೆ ಒಳಗೇ ಉಳಿಯುತ್ತದೆ. ಎಣ್ಣೆಯ ಮುಖ್ಯ ಘಟಕವಾದ ಸ್ಯಾಂಟಲಾಲ್ ಸುಲಭವಾಗಿ ಆವಿಯಾಗುವ ವಸ್ತುವಲ್ಲವಾದ್ದರಿಂದ ಬಟ್ಟಿಯು ಗಂಟೆಗಳ ಕಾಲವಲ್ಲ, ದಿನಗಳ ಕಾಲ ನಡೆಯಬೇಕು. ಸೌದೆಯ ಖರ್ಚನ್ನು ಮೀರದಂತೆ ಅದನ್ನು ಎಲ್ಲಿ ನಿಲ್ಲಿಸಬೇಕು? ಬೇರು, ತುಂಡು, ಚಿಲ್ತಾಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಿದರೆ ಎಣ್ಣೆಯ ಗುಣ ಒಂದೇ ಸಮನಾಗಿರುತ್ತದೆ? ಇವೆಲ್ಲ ಯಾವ ಪುಸ್ತಕದಲ್ಲಿಯೂ ಸಿಗುವ ಮಾಹಿತಿಯಲ್ಲ. ಮರದಲ್ಲಿ ಇರುವುದೇ ನೂರಕ್ಕೆ ಐದಾರು ಪಾಲಿನ ಎಣ್ಣೆ. ಅದರಲ್ಲಿ ಒಂದು ಪಾಲು ಕಳೆದುಹೋದರೂ ಲಾಭವೇ ಕರಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಪರೀಕ್ಷೆಯ ವಿಷಯ. ಔಷಧಿಗೆ ಬಳಸುವ ಎಣ್ಣೆಯಲ್ಲಿ ಶೇಕಡ 90ರಷ್ಟು ಸ್ಯಾಂಟಲಾಲ್ ಇರಬೇಕೆಂದು ಯುರೋಪಿನ ಔಷಧಿ ಸಂಹಿತೆಗಳು ಬಯಸುತ್ತಿದ್ದವು. ಬೆಳಕಿನ ಧ್ರುವೀಕರಣ, ಮದ್ಯಸಾರದಲ್ಲಿ ಕರಗುವ ಗುಣ, ಸಾಂದ್ರತೆ ಇವುಗಳನ್ನೂ ಪರೀಕ್ಷಿಸಿ ಕೊಳ್ಳುತ್ತಿದ್ದರು. ಲಂಡನ್ನಿನ ದಲ್ಲಾಳಿಗೆ ಮೈಸೂರಿನಂತಹ ಹೊಸ ತಯಾರಕರ ಮೇಲೆ ನಂಬಿಕೆ ಬರಬೇಕಾದರೆ ಪ್ರತಿಯೊಂದು ಪೀಪಾಯಿಯೂ ಈ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕಿತ್ತು. ವಿಜ್ಞಾನ ಸಂಸ್ಥೆಯು ಉದ್ಯಮಕ್ಕೆ ಕೊಟ್ಟ ನಿಜವಾದ ಬಂಡವಾಳ ಈ ಅಳತೆಯ ಶಿಸ್ತು ಎಂದು ನನ್ನ ಅಭಿಪ್ರಾಯ. ಹಂಡೆಯನ್ನು ಯಾರೂ ಮಾಡಿಸಬಹುದಿತ್ತು, ಪ್ರಮಾಣಪತ್ರವನ್ನು ಮಾಡಿಸುವಂತಿರಲಿಲ್ಲ.

1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಮರುವರ್ಷ ಮೈಸೂರಿನಲ್ಲಿ ಇನ್ನೊಂದು, ಹೆಚ್ಚು ದೊಡ್ಡದು, ನಿರ್ಮಾಣವಾಯಿತು. ಯುದ್ಧಕಾಲದ ಬೆಲೆಯೇರಿಕೆಯ ನೆರವಿನಿಂದ ಹಾಕಿದ ಬಂಡವಾಳ ಬೇಗನೆ ಹಿಂದಿರುಗಿತು. ಹಾಸನದ ಕೋಠಿಯ ಮರ ಇನ್ನು ಮುಂದೆ ಬಂದರಿಗೆ ಹೋಗುವ ಬದಲು ಮೈಸೂರಿಗೆ ಹೋಗತೊಡಗಿತು. ಹಾಸನ ಹಾಗೂ ಹೊಳೆನರಸೀಪುರಗಳ ಮೂಲಕ ಹಾಯುವ ಮೈಸೂರು–ಅರಸೀಕೆರೆ ರೈಲುಮಾರ್ಗವೂ ಅದೇ ದಶಕದ ಕೊನೆಯ ಭಾಗದ್ದು. ಮೂರನೆಯ ಕಾರ್ಖಾನೆ 1944ರಲ್ಲಿ ಶಿವಮೊಗ್ಗಕ್ಕೆ ಬಂದಿತು. ಹಾಸನಕ್ಕೆ ಬರಲಿಲ್ಲ.

ಈ ಬಗೆಯ ಪರಿವರ್ತನೆಗೆ ಎರಡೂ ಕಡೆ ಕಾಲಿಟ್ಟ ಮನುಷ್ಯನೊಬ್ಬ ಬೇಕಾಗುತ್ತಾನೆ. ಮೈಸೂರಿಗೆ ಅಂತಹವರಾಗಿ ದೊರೆತವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಎಸ್.ಜಿ. ಶಾಸ್ತ್ರಿ ಎಂದೇ ಪ್ರಸಿದ್ಧರಾದ ಇವರು ಕೈಗಾರಿಕಾ ರಸಾಯನಶಾಸ್ತ್ರಜ್ಞರು. ಸರ್ಕಾರವು ಇವರನ್ನು ಸಾಬೂನು ಹಾಗೂ ಪರಿಮಳ ದ್ರವ್ಯಗಳ ತಯಾರಿಕೆಯಲ್ಲಿ ತರಬೇತಿ ಪಡೆಯಲು ಇಂಗ್ಲೆಂಡಿಗೆ ಕಳುಹಿಸಿತು. ಹಿಂದಿರುಗಿದ ಮೇಲೆ ಅವರು ರೂಪಿಸಿದ ಪರಿಮಳ ಮಿಶ್ರಣವೇ ಮೈಸೂರು ಸ್ಯಾಂಡಲ್ ಸಾಬೂನಿಗೆ ಆಧಾರವಾಯಿತು. ಮುಂದೆ ಅವರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರೂ ಆದರು.

ಸಾಬೂನಿನ ಹುಟ್ಟಿನ ಬಗ್ಗೆ ಒಂದು ಕಥೆ ಪ್ರಚಾರದಲ್ಲಿದೆ. 1918ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಫ್ರಾನ್ಸಿನ ಅತಿಥಿಗಳು ಮೈಸೂರಿನದೇ ಗಂಧದೆಣ್ಣೆಯಿಂದ ತಯಾರಿಸಿದ ಸಾಬೂನನ್ನು ಕಾಣಿಕೆಯಾಗಿ ಕೊಟ್ಟರೆಂದೂ, ಎಣ್ಣೆ ನಮ್ಮದಾದ ಮೇಲೆ ಸಾಬೂನು ಏಕೆ ನಮ್ಮದಾಗಬಾರದೆಂದು ಅರಸರಿಗೆ ಹೊಳೆಯಿತೆಂದೂ ಅದು ಹೇಳುತ್ತದೆ. ಕಥೆ ಮನೋಹರವಾಗಿದೆ. ನಮ್ಮ ಜನ ಯಾವ ಕಾರ್ಖಾನೆಗೂ ಒಂದು ಸ್ಥಳಪುರಾಣ ಬೇಕೆನ್ನುವವರು. ಆದರೆ ಯುದ್ಧ ಮುಗಿಯುತ್ತಿದ್ದ ಆ ಹೊತ್ತಿಗೆ ಎಣ್ಣೆಯ ವಿದೇಶೀ ಬೇಡಿಕೆ ಹೀಗೆಯೇ ಉಳಿಯುವುದೆಂಬ ಭರವಸೆ ಇರಲು ಸಾಧ್ಯವಿರಲಿಲ್ಲ. ಎಣ್ಣೆಯನ್ನು ದೇಶದೊಳಗೇ ಬಳಸುವ ಸರಕೊಂದು ಸರ್ಕಾರಕ್ಕೆ ಬೇಕಾಗಿತ್ತೆಂದು ಊಹಿಸುವುದು ಹೆಚ್ಚು ಸಮಂಜಸ. ಕಬ್ಬನ್ ಉದ್ಯಾನದ ಸಮೀಪದಲ್ಲಿ ಆರಂಭವಾದ ಸಾಬೂನು ಕಾರ್ಖಾನೆ 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಸ್ಥಳಾಂತರಗೊಂಡಿತು.

ಈ ನಿರ್ಧಾರದ ಮಹತ್ವ ಎರಡು ದಶಕಗಳ ನಂತರ ಗೊತ್ತಾಯಿತು. 1930ರ ದಶಕದ ಕೊನೆಗೆ ಸಲ್ಫಾ ಔಷಧಿಗಳೂ, 1940ರ ದಶಕದಲ್ಲಿ ಪೆನಿಸಿಲಿನ್ನೂ ಬಂದು ಮೇಹರೋಗಕ್ಕೆ ಗಂಧದೆಣ್ಣೆಯನ್ನು ಕೊಡುವ ಪದ್ಧತಿಯೇ ನಿಂತುಹೋಯಿತು. ಯಾವ ಬಳಕೆಗಾಗಿ ಶೇಕಡ 90ರ ಶುದ್ಧಿಯನ್ನು ಸಾಧಿಸಲಾಗಿತ್ತೋ ಆ ಬಳಕೆ ಇಲ್ಲವಾದರೂ ಉದ್ಯಮ ಉಳಿಯಿತು. ಉಳಿಸಿದ್ದು ಸಾಬೂನು ಮತ್ತು ಪರಿಮಳ. ಇನ್ನೊಂದು ಸಂಗತಿಯೂ ಉಲ್ಲೇಖಾರ್ಹ. ಈ ಕಾರ್ಖಾನೆಗಳು ಬಹುಕಾಲ ಸರ್ಕಾರದ ಇಲಾಖೆಯ ಅಂಗಗಳಾಗಿಯೇ ಇದ್ದವು. ಸಾಬೂನು ಮತ್ತು ಎಣ್ಣೆಯ ಘಟಕಗಳನ್ನು ಒಂದುಗೂಡಿಸಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಲಿಮಿಟೆಡ್ ಎಂಬ ಕಂಪನಿಯನ್ನಾಗಿ ಮಾಡಿದ್ದು 1980ರಲ್ಲಿ. ಚಾಟರ್ಟನ್ನರು ಮದರಾಸಿನಲ್ಲಿ ಎರಡೇ ವರ್ಷಗಳಲ್ಲಿ ದಾಟಿದ ಹಾದಿಯನ್ನು ಗಂಧದೆಣ್ಣೆ ದಾಟಲು 64 ವರ್ಷ ಹಿಡಿಯಿತು.

ಹೊಲದ ಬದುವಿನಲ್ಲಿ

ಇಷ್ಟು ಯಶಸ್ಸಿನ ನಂತರವೂ ಶ್ರೀಗಂಧದ ಉದ್ಯಮವು ಇಪ್ಪತ್ತನೆಯ ಶತಮಾನದ ಕೊನೆಗೆ ಕಚ್ಚಾಮಾಲಿಲ್ಲದೆ ಬಳಲಿತು. ಇದಕ್ಕೆ ಕಳ್ಳಸಾಗಣೆಯೇ ಕಾರಣವೆಂದು ಹೇಳಿ ಮುಗಿಸುವುದುಂಟು. ಕಳ್ಳಸಾಗಣೆ ದೊಡ್ಡ ಕಾರಣವೇ ಹೌದು, ಆದರೆ ಅದು ಕೊನೆಯ ಕಾರಣ.

1899ರಲ್ಲಿ ಕೊಡಗಿನಲ್ಲಿ ಗಂಧದ ಮರಗಳಿಗೆ ಒಂದು ವಿಚಿತ್ರ ರೋಗ ತಗುಲಿದ್ದು ಕಂಡುಬಂದಿತು. ಎಲೆಗಳು ಕಿರಿದಾಗುತ್ತ, ಗೆಣ್ಣುಗಳು ಒತ್ತೊತ್ತಾಗುತ್ತ, ರೆಂಬೆಗಳು ಮುಳ್ಳಿನ ಕದಿರಿನಂತೆ ನೆಟ್ಟಗೆ ನಿಂತು ಮರ ಕೆಲವೇ ವರ್ಷಗಳಲ್ಲಿ ಒಣಗುತ್ತಿತ್ತು. ಇದನ್ನು ಸ್ಪೈಕ್ ರೋಗವೆಂದು ಕರೆದರು. ಕೊಡಗಿಗೆ ಅಂಟಿಕೊಂಡ ಅರಕಲಗೂಡು ತಾಲ್ಲೂಕಿನ ಗಂಧಕ್ಕೆ ಇದು ದೂರದ ಸುದ್ದಿಯಾಗಿ ಉಳಿಯುವಂತಿರಲಿಲ್ಲ. ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್ನರು ಕಸಿಯ ಮೂಲಕ ಈ ರೋಗ ಒಂದು ಮರದಿಂದ ಇನ್ನೊಂದಕ್ಕೆ ಹರಡುವುದೆಂದು 1917ರಲ್ಲಿ ತೋರಿಸಿದರು. 1920 ಹಾಗೂ 30ರ ದಶಕಗಳಲ್ಲಿ ಎಣ್ಣೆಯ ರಹಸ್ಯವನ್ನು ಬಿಡಿಸಿದ ಅದೇ ವಿಜ್ಞಾನ ಸಂಸ್ಥೆಯಲ್ಲಿ ಎಂ. ಶ್ರೀನಿವಾಸಯ್ಯನವರೂ ಅವರ ಸಹೋದ್ಯೋಗಿಗಳೂ ಸ್ಪೈಕ್ ರೋಗದ ಬಗ್ಗೆ ಸುದೀರ್ಘ ಸಂಶೋಧನೆ ನಡೆಸಿದರು. 1938ರಲ್ಲಿ ಬೆಂಗಳೂರಿನಲ್ಲಿ ಅರಣ್ಯ ಸಂಶೋಧನಾಲಯವೂ ಸ್ಥಾಪನೆಯಾಯಿತು. ರೋಗಕಾರಕವು ಅತಿ ಸೂಕ್ಷ್ಮವಾದ, ಈಗ ಫೈಟೊಪ್ಲಾಸ್ಮ ಎಂದು ಕರೆಯಲಾಗುವ ಜೀವಿಯೆಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ 1969ರಲ್ಲಿ ತಿಳಿಯಿತು. ಕಾಡಿನಲ್ಲಿರುವ ಮರವನ್ನು ಗುಣಪಡಿಸುವ ಮದ್ದು ಇಂದಿಗೂ ದೊರೆತಿಲ್ಲ. ಒಂದೇ ಸಂಸ್ಥೆ, ಒಂದೇ ಮರ. ಎರಡು ವರ್ಷಗಳಲ್ಲಿ ಫಲಿಸಿದ ಪ್ರಶ್ನೆಯೊಂದು, ಶತಮಾನ ಕಳೆದರೂ ಫಲಿಸದ ಪ್ರಶ್ನೆ ಇನ್ನೊಂದು. ಎರಡನೆಯ ಸಂಶೋಧನೆ ಕೀಳೆಂದು ಇದರ ಅರ್ಥವಲ್ಲ. ಸಂಶೋಧನೆಯನ್ನು ಉದ್ಯಮವಾಗಿಸುವ ಮಾತನ್ನಾಡುವಾಗ ನಾವು ಮೊದಲ ಬಗೆಯ ಪ್ರಶ್ನೆಗಳನ್ನು ಮಾತ್ರ ನೆನೆಯುತ್ತೇವೆ.

ರೋಗಕ್ಕಿಂತ ಹೆಚ್ಚಿನ ಹಾನಿ ಮಾಡಿದ್ದು ಕಾನೂನು. ತನ್ನ ಬದುವಿನಲ್ಲಿ ಹುಟ್ಟಿದ ಗಂಧದ ಸಸಿಯಿಂದ ರೈತನಿಗೆ ಏನು ಬರಬೇಕು? ಮರ ಸರ್ಕಾರದ್ದು, ಕಾಯುವ ಹೊಣೆ ಇವನದು, ಕಳುವಾದರೆ ಅನುಮಾನ ಇವನ ಮೇಲೆ, ಲೆಕ್ಕ ಹಾಕಲು ಬರುವ ಅಧಿಕಾರಿಯ ಉಪಚಾರವೂ ಇವನದೇ. ಹೀಗಾಗಿ ಸಸಿ ಎರಡೆಲೆ ಬಿಟ್ಟಾಗಲೇ ಕಳೆಯೊಡನೆ ಕಿತ್ತುಹಾಕುವುದು ವಿವೇಕದ ಕ್ರಮವೆನಿಸಿತು. ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆ ವಯಸ್ಸಾದ ರೈತರನ್ನು ಕೇಳಿದರೆ ಗಂಧದ ಗಿಡದ ವಿಷಯದಲ್ಲಿ ಹಿಂದಿನವರಿಗೆ ಇದ್ದ ಅಂಜಿಕೆಯ ಮಾತು ಈಗಲೂ ಬರುತ್ತದೆ. ಏಕಸ್ವಾಮ್ಯವು ಕಾರ್ಖಾನೆಗೆ ಅಗ್ಗವಾದ, ಖಚಿತವಾದ ಮರವನ್ನು ಒದಗಿಸಿತು. ಅದರಿಂದಲೇ ಯುದ್ಧದ ನಡುವೆ ಧೈರ್ಯವಾಗಿ ಕಾರ್ಖಾನೆ ಕಟ್ಟಲು ಸಾಧ್ಯವಾಯಿತು. ಅದೇ ಏಕಸ್ವಾಮ್ಯವು ಹೊಸ ಮರ ಹುಟ್ಟದಂತೆ ನೋಡಿಕೊಂಡಿತು. ಪ್ರಯೋಗಶಾಲೆಯ ಜ್ಞಾನಕ್ಕೂ ಕಾರ್ಖಾನೆಯ ಲಾಭಕ್ಕೂ ಪಾಲುದಾರರಿದ್ದರು, ಬೇಲಿಯ ಮರಕ್ಕೆ ಪಾಲುದಾರನಿರಲಿಲ್ಲ. 1998ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು ಶ್ರೀಗಂಧವನ್ನು ಅಪಾಯಕ್ಕೊಳಗಾಗಬಹುದಾದ ಪ್ರಭೇದಗಳ ಪಟ್ಟಿಯಲ್ಲಿ ಸೇರಿಸಿತು.

ಸರಿಸುಮಾರು ಅದೇ ಕಾಲದಲ್ಲಿ ಇದೇ ಪ್ರಭೇದದ ಮರವನ್ನು ಪಶ್ಚಿಮ ಆಸ್ಟ್ರೇಲಿಯದ ಆರ್ಡ್ ನದಿಯ ನೀರಾವರಿ ಪ್ರದೇಶದಲ್ಲಿ ತೋಟಗಳಾಗಿ ಬೆಳೆಸುವ ಉದ್ಯಮ ಆರಂಭವಾಯಿತು. ಅಲ್ಲಿಯ ಸರ್ಕಾರಿ ಅರಣ್ಯ ಸಂಶೋಧಕರು ಯಾವ ಆಸರೆ ಗಿಡಗಳೊಡನೆ ಗಂಧ ಚೆನ್ನಾಗಿ ಬರುವುದೆಂದು ಮೊದಲೇ ಪ್ರಯೋಗ ನಡೆಸಿದ್ದರು. 1997ರಲ್ಲಿ ಸ್ಥಾಪನೆಯಾದ ಕಂಪನಿಯೊಂದು ಅದನ್ನು ಹೂಡಿಕೆದಾರರ ಹಣದಿಂದ ವಿಸ್ತರಿಸಿತು. ಆ ಕಂಪನಿಯೂ 2018ರಲ್ಲಿ ಸಾಲದ ಸುಳಿಗೆ ಸಿಲುಕಿ ಸಾಲಿಗರ ಪರವಾದ ಆಡಳಿತಗಾರರ ಕೈಸೇರಿತು. ಬೇಗ ಹಣ ಕೇಳುವ ಹೂಡಿಕೆಗೂ ನಿಧಾನವಾಗಿ ಚೇಗು ಕಟ್ಟುವ ಮರಕ್ಕೂ ಹೊಂದಾಣಿಕೆ ಕಷ್ಟ.

ಸಂಶೋಧನೆಯ ಫಲವನ್ನು ಜನರಿಗೆ ತಲುಪಿಸಲು ಕಂಪನಿಯೊಂದೇ ದಾರಿಯಲ್ಲವೆಂಬುದಕ್ಕೂ ಈ ಸೀಮೆಯಲ್ಲಿಯೇ ನಿದರ್ಶನವಿದೆ. ಕೋಲ್‌ಮನ್ನರ ಪ್ರಯತ್ನದಿಂದ 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಪ್ರಯೋಗಕೇಂದ್ರದಿಂದ ಬಂದ ಎಸ್. 795 ತಳಿಯು ಸಕಲೇಶಪುರ, ಬೇಲೂರುಗಳ ತೋಟಗಳಲ್ಲಿ ವ್ಯಾಪಕವಾಗಿ ಹರಡಿತು. ಅಲ್ಲಿ ಹಂಚಿಕೆಯಾದದ್ದು ಬೀಜ. ಬೆಳೆಗಾರನೇ ಅದರ ಒಡೆಯ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ಕಂಡುಹಿಡಿದು ಅಮುಲ್ ಸಹಕಾರಿ ಸಂಸ್ಥೆಗೆ ನೀಡಿತು. ಇಲ್ಲಿ ಹಾಲು ಒದಗಿಸುವವನೇ ಸಂಸ್ಥೆಯ ಸದಸ್ಯನೂ ಆಗಿದ್ದನು.

ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ತಾವೇ ಕಂಪನಿ ಕಟ್ಟಿದ್ದು ಬಹಳ ತಡವಾಗಿ. ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರು 2000ದಲ್ಲಿ ಸ್ಟ್ರ್ಯಾಂಡ್ ಜೀನೋಮಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅಗ್ಗದ ಕೈಗಣಕವೆಂದು ಖ್ಯಾತವಾದ ‘ಸಿಂಪ್ಯೂಟರ್’ ರೂಪುಗೊಂಡದ್ದೂ ಇದೇ ಬಳಗದ ಪಾತ್ರದಿಂದ. 2004ರಲ್ಲಿ ಅದರ ಒಂದು ಮಾದರಿಯನ್ನು ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿ ಮಾರುಕಟ್ಟೆಗೆ ಬಿಡಲಾಯಿತು. ಜೀವವಿಜ್ಞಾನದ ಕಂಪನಿ ನೆಲೆಯೂರಿತು, ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅಗ್ಗವಾಗುತ್ತಿದ್ದ ಮೊಬೈಲ್ ದೂರವಾಣಿ ಅದರ ಜಾಗವನ್ನು ಹಿಡಿಯಿತು. ಸಡ್‌ಬರೋ ಕಾಲದಲ್ಲಿ ಅಪಾಯವನ್ನು ಹೊತ್ತದ್ದು ಸಂಸ್ಥಾನದ ಬೊಕ್ಕಸ. ಕೊಳ್ಳುವವರು ಲಂಡನ್ನಿನಲ್ಲಿ ಮೊದಲೇ ಸಿದ್ಧರಿದ್ದರು. ಸಿಂಪ್ಯೂಟರಿನ ಪ್ರಾಧ್ಯಾಪಕರಿಗೆ ಈ ಎರಡು ಅನುಕೂಲಗಳೂ ಇರಲಿಲ್ಲವೆಂಬುದನ್ನು ಅವರ ಬಗ್ಗೆ ತೀರ್ಪು ಕೊಡುವವರು ನೆನೆಯಬೇಕು.

ಹಾಸನ ಜಿಲ್ಲೆಗೆ ಮತ್ತೆ ಎಣ್ಣೆಯ ಪ್ರಶ್ನೆ ಬಂದದ್ದು ಹೊಂಗೆಯ ರೂಪದಲ್ಲಿ. ಹೊಂಗೆಯೆಣ್ಣೆಯಿಂದ ಡೀಸೆಲ್ ಎಂಜಿನುಗಳನ್ನು ಓಡಿಸುವ ಪ್ರಯೋಗಗಳನ್ನು ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಯಲ್ಲಿ ಹಳ್ಳಿಗಳಲ್ಲಿ ನಡೆಸಿದ್ದರು. ಅನಂತರದ ದಶಕದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹಾಸನದ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಸ್ಥಾಪಿಸಿ, ರೈತರು ಬದುಗಳಲ್ಲಿ ಹೊಂಗೆ, ಬೇವು, ಹಿಪ್ಪೆಗಳನ್ನು ಬೆಳೆಸಿ ಬೀಜ ಮಾರುವಂತೆ ಪ್ರೋತ್ಸಾಹಿಸಿತು. ಗಂಧದ ಕಥೆ ಇಲ್ಲಿ ತಿರುಗುಮುರುಗಾಗಿದೆ. ಬದುವಿನ ಮರ ರೈತನದೇ, ಬೀಜ ಆರಿಸಿ ಮಾರಲು ಯಾರ ಅಪ್ಪಣೆಯೂ ಬೇಡ. ಆದರೆ ಅವನು ಆರಿಸುವ ಕೂಲಿಗೆ ತಕ್ಕ ಬೆಲೆ ಬೀಜಕ್ಕೆ ಸಿಗುವುದೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕರ್ನಾಟಕ ಅರಣ್ಯ ಕಾಯಿದೆಗೆ 2001ರಲ್ಲಿ ಆದ ತಿದ್ದುಪಡಿಯು ಸ್ವಂತ ಜಮೀನಿನಲ್ಲಿರುವ ಶ್ರೀಗಂಧದ ಮರದ ಮೇಲೆ ಭೂಮಿಯ ಹಿಡುವಳಿದಾರನಿಗೇ ಹಕ್ಕನ್ನು ನೀಡಿತು. ಟಿಪ್ಪುವಿನ ಕಾಲದಿಂದ ಬಂದ ನಿಯಮ ಎರಡು ಶತಮಾನಗಳ ನಂತರ ಬದಲಾಯಿತು. ಸಾಬೂನು ಕಂಪನಿಯೇ ಈಗ ರೈತರಿಗೆ ಗಂಧ ಬೆಳೆಸಲು ಪ್ರೋತ್ಸಾಹ ನೀಡುತ್ತಿದೆ. ಹಾಸನ ಜಿಲ್ಲೆಯ ರೈತನು ತಿದ್ದುಪಡಿಯಾದ ಹೊಸತರಲ್ಲಿ ನೆಟ್ಟ ಗಿಡ ಉಳಿದಿದ್ದರೆ ಅದಕ್ಕೆ ಚೇಗು ಕಟ್ಟಿರುವ ಕಾಲ ಇದು. ಆ ಮರವನ್ನು ಅಗೆದು ಸಾಗಿಸಲು ಅವನು ಇಂದಿಗೂ ಅರಣ್ಯ ಇಲಾಖೆಯ ಪರವಾನಗಿಯನ್ನು ಪಡೆಯಬೇಕು.